ಮುಟ್ಟು ನಿಲ್ಲುವ ಕಾಲದ ಮೈಬಿಸಿಗೆ ಹಾರ್ಮೋನ್ ಚಿಕಿತ್ಸೆ: ಕರಾವಳಿ ಮತ್ತು ಘಟ್ಟದ ಹೆಂಗಸರಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆ ಬೆವರದವರು ಯಾರು? ಅದಕ್ಕೇ ಮುಟ್ಟು ನಿಲ್ಲುವ ಕಾಲದ ಮೈಬಿಸಿ ಇಲ್ಲಿ ವರ್ಷಗಟ್ಟಲೆ ‘ಸೆಕೆ’ಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಅದನ್ನೇ ‘ಉಷ್ಣ’ ಎಂದೋ ‘ಪಿತ್ತ’ ಎಂದೋ ಕರೆದು ತಂಬುಳಿ ಕುಡಿದು ಸುಮ್ಮನಾಗುತ್ತಾರೆ. ಮುರುಗಲ ಶರಬತ್ತಾಗಲಿ ಒಂದೆಲಗದ ತಂಬುಳಿಯಾಗಲಿ ಬಾಯಿಗೆ ತಂಪು, ಕುಡಿಯಲು ಅಡ್ಡಿಯಿಲ್ಲ. ಆದರೆ ರಾತ್ರಿ ಮೂರು ಸಲ ಒದ್ದೆ ರವಿಕೆ ಬದಲಿಸಬೇಕಾದ ಸ್ಥಿತಿಗೆ ಅವು ಸಾಲುವುದಿಲ್ಲ. ಅಂಥ ಮೈಬಿಸಿಗೆ ಈಗ ಇರುವ ಔಷಧಗಳಲ್ಲಿ, ಅಂಡಾಶಯದಲ್ಲಿ ಹುಟ್ಟುವ ಹಾರ್ಮೋನ್ ಆದ ಈಸ್ಟ್ರೋಜೆನ್‌ನಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೊಂದಿಲ್ಲ. ಅದನ್ನು ಯಾರು, ಯಾವಾಗ, ಯಾವ ರೂಪದಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ತಪ್ಪಾಗುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಔಷಧ ಬರೆದುಕೊಡಬೇಕಾದವರು ವೈದ್ಯರೇ. ಅವರ ಮುಂದೆ ಕೂರುವಾಗ ನಿಮಗೆ ವಿಷಯ ತಿಳಿದಿರಲಿ ಎಂಬುದಷ್ಟೇ ನಮ್ಮ ಉದ್ದೇಶ.

ಸೆಕೆಯೋ, ಜ್ವರವೋ, ಮೈಬಿಸಿಯೋ

ಮೈಬಿಸಿ ಎದೆಯಿಂದಲೋ ಮುಖದಿಂದಲೋ ಇದ್ದಕ್ಕಿದ್ದಂತೆ ಏಳುತ್ತದೆ. ಒಂದರಿಂದ ಐದು ನಿಮಿಷ ಇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಇಳಿಯುತ್ತದೆ, ಕೊನೆಗೆ ಚಳಿಯಾಗುತ್ತದೆ. ಸೆಕೆ ಹೀಗೆ ಬಂದು ಹೋಗುವುದಿಲ್ಲ. ಡಿಸೆಂಬರಿನ ಶಿರಸಿಯ ಚಳಿಯಲ್ಲೂ ಹೊದಿಕೆ ಒದ್ದು ಏಳುವಂತಾದರೆ ಅದಕ್ಕೆ ಹವೆ ಕಾರಣವಲ್ಲ.

ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ದೇಹದ ಬಿಸಿಯನ್ನು ಹತೋಟಿಯಲ್ಲಿಡುತ್ತದೆ. ಈಸ್ಟ್ರೋಜೆನ್ ಇಳಿದಾಗ ಅದು ಸಹಿಸುವ ಏರಿಳಿತದ ಮಿತಿ ಕಿರಿದಾಗುತ್ತದೆ. ಮೊದಲು ಲೆಕ್ಕಕ್ಕೇ ಬಾರದಿದ್ದ ಅರ್ಧ ಡಿಗ್ರಿ ಏರಿಳಿತಕ್ಕೂ ಅದು ‘ಮೈ ಕಾದಿದೆ, ಬೆವರಿಸು’ ಎಂದು ಆಜ್ಞೆ ಕೊಡುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಅದೇ ಮೈಬಿಸಿ ಇಲ್ಲಿ ಹೆಚ್ಚು ಹಿಂಸೆ ಕೊಡುತ್ತದೆ.

ಥರ್ಮಾಮೀಟರ್ ಇಟ್ಟು ನೋಡಿ. ಮೈಬಿಸಿಯಲ್ಲಿ ಜ್ವರ ಕಾಣುವುದಿಲ್ಲ. 100 ಡಿಗ್ರಿ ದಾಟಿದರೆ ಅದು ಜ್ವರವೇ. ಮಂಗನ ಕಾಯಿಲೆಯ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇವರೆಗೆ, ಕಾಡಿನಂಚಿನ ಊರುಗಳವರು ಜ್ವರವನ್ನು ‘ವಯಸ್ಸಿನ ತೊಂದರೆ’ ಎಂದು ಬಿಡಲೇಬಾರದು. ರಾತ್ರಿ ಬೆವರಿನ ಜೊತೆ ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಕೆ ಇದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿ. ಎದೆಬಡಿತ, ನಡುಕ, ಬೆವರು ಮೂರೂ ಒಟ್ಟಿಗಿದ್ದರೆ ಥೈರಾಯ್ಡ್ ನೋಡಿಸಿ.

ಕೊನೆಯ ಮುಟ್ಟಾಗಿ ಪೂರ್ತಿ 12 ತಿಂಗಳು ಕಳೆದ ಮೇಲೆ ಋತುಬಂಧ ಆಯಿತು ಎನ್ನುತ್ತಾರೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಹೊತ್ತಿಗೆ ಇದು ಆಗುತ್ತದೆ. ತೊಂದರೆಗಳು ಅದಕ್ಕೂ ಎರಡು-ಮೂರು ವರ್ಷ ಮೊದಲೇ, ಮುಟ್ಟು ಏರುಪೇರಾಗುವಾಗಲೇ ಶುರುವಾಗಬಹುದು. ಮೈಬಿಸಿ ಒಂದೇ ಅಲ್ಲ: ನಿದ್ದೆಗೇಡು, ಸಿಡುಕು, ಗಂಟು ನೋವು, ಮರೆವು, ಗಂಡನೊಡನೆ ಕೂಡುವಾಗ ಉರಿ, ಪದೇ ಪದೇ ಮೂತ್ರ. 45 ದಾಟಿದವರಲ್ಲಿ ಈ ಲಕ್ಷಣಗಳೇ ಸಾಕು, ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಗೆ ದುಡ್ಡು ಹಾಕುವ ಅಗತ್ಯವಿಲ್ಲ. ಆ ಹಾರ್ಮೋನ್ ಈ ಕಾಲದಲ್ಲಿ ವಾರದಿಂದ ವಾರಕ್ಕೆ ಹತ್ತಿ ಇಳಿಯುತ್ತಿರುತ್ತದೆ, ಒಂದು ದಿನದ ಅಂಕಿಯಿಂದ ಏನೂ ತಿಳಿಯದು. 40ರೊಳಗೆ ಮುಟ್ಟು ನಿಂತವರಿಗೆ ಮಾತ್ರ ಪರೀಕ್ಷೆ ಬೇಕೇ ಬೇಕು.

ವೈದ್ಯರಲ್ಲಿಗೆ ಹೋಗುವ ಮೊದಲು

ಎರಡು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಎಳೆಯಿರಿ: ಹಗಲಿನ ಪ್ರತಿ ಮೈಬಿಸಿಗೆ ಒಂದು, ರಾತ್ರಿ ಎಚ್ಚರವಾದದ್ದಕ್ಕೆ ಒಂದು ಸುತ್ತು. “ತುಂಬಾ ಉಷ್ಣ ಆಗ್ತದೆ ಡಾಕ್ಟ್ರೇ” ಎಂದರೆ ಚೀಟಿಯಲ್ಲಿ ವಿಟಮಿನ್ ಮಾತ್ರೆ ಬರಬಹುದು. “ದಿನಕ್ಕೆ ಎಂಟು ಸಲ ಬರ್ತದೆ, ರಾತ್ರಿ ನಾಲ್ಕು ಸಲ ಏಳ್ತೆ, ಆರು ತಿಂಗಳಾಯ್ತು” ಎಂದರೆ ಮಾತು ನೇರ ಚಿಕಿತ್ಸೆಗೆ ಹೋಗುತ್ತದೆ. ಮುಂದೆ ಔಷಧ ಹಿಡಿಯಿತೋ ಇಲ್ಲವೋ ಎಂದು ಅಳೆಯಲೂ ಇದೇ ಗೀಟುಗಳು ಬೇಕು.

ಗರ್ಭಕೋಶ ತೆಗೆಸಿಕೊಂಡವರು ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಹುಡುಕಿ ಒಯ್ಯಿರಿ. ಗರ್ಭಕೋಶ ಮಾತ್ರ ತೆಗೆದರೋ, ಅಂಡಾಶಯವನ್ನೂ ತೆಗೆದರೋ ಎಂಬುದರ ಮೇಲೆ ಇಡೀ ಚಿಕಿತ್ಸೆ ನಿಂತಿದೆ. ‘ಚೀಲ ತೆಗೆದರು’ ಎಂಬ ಮಾತಿನಿಂದ ಅದು ತಿಳಿಯುವುದಿಲ್ಲ. 45ಕ್ಕೆ ಮೊದಲೇ ಎರಡೂ ಅಂಡಾಶಯ ಹೋದವರಿಗೆ ಮತ್ತು 40ರೊಳಗೆ ತಾನಾಗಿ ಮುಟ್ಟು ನಿಂತವರಿಗೆ, ತಡೆಯುವ ಬೇರೆ ಕಾಯಿಲೆ ಇಲ್ಲದಿದ್ದರೆ, ಮೈಬಿಸಿ ಇರಲಿ ಬಿಡಲಿ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು. ಇಲ್ಲವಾದರೆ ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಹಾನಿ. ಈ ಗುಂಪಿನವರು ಚಿಕಿತ್ಸೆಯಿಲ್ಲದೆ ಉಳಿದುಬಿಡುವುದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಲೋಪ.

ಶುರುಮಾಡುವ ಮೊದಲು ಬಿಪಿ, ತೂಕ, ಸಕ್ಕರೆ, ಕೊಬ್ಬಿನಂಶ, ಥೈರಾಯ್ಡ್, ಸ್ತನದ ತಪಾಸಣೆ ಮತ್ತು ಗರ್ಭಕಂಠದ ಪರೀಕ್ಷೆ ಆಗಬೇಕು. ಬಿಪಿ, ಸಕ್ಕರೆ, ಸ್ತನ ಹಾಗೂ ಗರ್ಭಕಂಠದ ಪ್ರಾಥಮಿಕ ತಪಾಸಣೆ 30 ದಾಟಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳ ಕಾರ್ಯಕ್ರಮದಲ್ಲೇ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಸ್ತ್ರೀರೋಗ ತಜ್ಞರನ್ನು ಕಾಣಲು ತಾಲೂಕು ಆಸ್ಪತ್ರೆ, ಕಾರವಾರದಲ್ಲಾದರೆ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ. ಮ್ಯಾಮೊಗ್ರಾಮ್‌ಗೆ (ಸ್ತನದ ಎಕ್ಸ್‌ರೇ) ಮಾತ್ರ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾಕ್ಕೆ ಹೋಗಬೇಕಾಗಿ ಬರಬಹುದು, ಮೊದಲೇ ಫೋನ್ ಮಾಡಿ ಯಂತ್ರ ನಡೆಯುತ್ತಿದೆಯೇ ಎಂದು ಕೇಳಿಕೊಂಡು ಹೊರಡಿ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಉಳಿಯುತ್ತದೆ.

ಯಾರಿಗೆ ಕೊಡಬಾರದು

ಸ್ತನ ಕ್ಯಾನ್ಸರ್ ಆದವರಿಗೆ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, ಯಕೃತ್ತಿನ ಸಕ್ರಿಯ ಕಾಯಿಲೆ ಇರುವವರಿಗೆ ಈ ಚಿಕಿತ್ಸೆ ಸಲ್ಲದು. ಬಿಪಿ ಹತೋಟಿಗೆ ಬಾರದಿದ್ದರೆ ಮೊದಲು ಅದನ್ನು ಇಳಿಸಬೇಕು. ಕವಳಕ್ಕೆ ಹೊಗೆಸೊಪ್ಪು ಹಾಕುವ ಅಭ್ಯಾಸ, ದಿನವೂ ಉಪ್ಪು ಹೆಚ್ಚಿರುವ ಅಪ್ಪೆಹುಳಿ, ಉಪ್ಪಿನಕಾಯಿ, ಒಣಮೀನು ಇವೆಲ್ಲ ಬಿಪಿಯನ್ನು ಮೇಲೆಯೇ ಹಿಡಿದಿಡುತ್ತವೆ. ಇದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಲಾಭ ಹೆಚ್ಚು, ಅಪಾಯ ಕಡಿಮೆ ಇರುವುದು 60 ವರ್ಷದೊಳಗೆ ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರುಮಾಡಿದವರಿಗೆ.

‘ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರ್ತದೆ’ ಎಂಬ ಭಯದ ಬೇರು 2002ರಲ್ಲಿದೆ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದ ಒಂದು ಭಾಗವನ್ನು ಆ ವರ್ಷ ಅರ್ಧಕ್ಕೆ ನಿಲ್ಲಿಸಿದರು. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನನ್ನೂ ಕೂಡಿಸಿ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಲ್ಲಿ 8 ಸ್ತನ ಕ್ಯಾನ್ಸರ್, 8 ಪಾರ್ಶ್ವವಾಯು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ 8 ಪ್ರಕರಣ ಹೆಚ್ಚಾಗಿದ್ದವು. ಸೊಂಟದ ಮೂಳೆ ಮುರಿತ 5, ದೊಡ್ಡಕರುಳಿನ ಕ್ಯಾನ್ಸರ್ 6 ಕಡಿಮೆಯಾಗಿದ್ದವು. ಆ ಹೆಂಗಸರ ಸರಾಸರಿ ವಯಸ್ಸು 63. ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮತ್ತು ಕೃತಕ ಪ್ರೊಜೆಸ್ಟಿನ್, ಎರಡೂ ಬಾಯಿಯ ಮೂಲಕ. ಗರ್ಭಕೋಶ ಇಲ್ಲದೆ ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಅಪಾಯ ಸುಳ್ಳಲ್ಲ, ವರ್ಷ ಹೆಚ್ಚಿದಂತೆ ಅದೂ ಏರುತ್ತದೆ. ಆದರೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂಬ ಈ ಅಂಕಿಯನ್ನು ಎದುರಿಗಿಟ್ಟುಕೊಂಡು 48ರ ಹೆಂಗಸು ತಾನೇ ತೂಗಿ ನೋಡಬಹುದು.

ಯಾವ ಔಷಧ, ಎಷ್ಟು

ಒಂದೇ ನಿಯಮ ನೆನಪಿಡಿ: ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡಬಾರದು, ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಅದನ್ನು ಹದ್ದಿನಲ್ಲಿಡುತ್ತದೆ. ತಡೆಯುವವರಿಲ್ಲದೆ ಬೆಳೆದ ಒಳಪದರ ಕ್ಯಾನ್ಸರ್‌ಗೆ ತಿರುಗಬಹುದು. ಎರಡು ಮಾತ್ರೆಯಲ್ಲಿ ಒಂದು, ಅಂದರೆ ಪ್ರೊಜೆಸ್ಟರಾನ್, ಮಂಪರು ತರುತ್ತದೆ ಎಂದು ಅದನ್ನು ಬಿಟ್ಟು, ‘ಹಿತವಾಗುವ’ ಇನ್ನೊಂದನ್ನು ಮಾತ್ರ ಮುಂದುವರಿಸುವುದು ಈ ಚಿಕಿತ್ಸೆಯಲ್ಲಿ ಆಗುವ ಅತಿ ಅಪಾಯದ ತಪ್ಪು.

ಈಸ್ಟ್ರೋಜೆನ್ ಮಾತ್ರೆಯಾಗಿ ಎಸ್ಟ್ರಾಡಿಯಾಲ್ ವ್ಯಾಲರೇಟ್ 1 ಅಥವಾ 2 ಮಿಲಿಗ್ರಾಂ ಸಿಗುತ್ತದೆ. ಸಾಮಾನ್ಯವಾಗಿ 1ರಿಂದಲೇ ಶುರು. ಇನ್ನೊಂದು ರೂಪ ಚರ್ಮಕ್ಕೆ ಹಚ್ಚುವ ಜೆಲ್: 0.06 ಶೇಕಡಾ ಜೆಲ್ 1.25 ಗ್ರಾಂ ಅಂದರೆ 0.75 ಮಿಲಿಗ್ರಾಂ ಎಸ್ಟ್ರಾಡಿಯಾಲ್, 2.5 ಗ್ರಾಂ ಅಂದರೆ 1.5 ಮಿಲಿಗ್ರಾಂ. ಮಾತ್ರೆ ಮೊದಲು ಯಕೃತ್ತಿನ ಮೂಲಕ ಹಾಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಜೆಲ್ ಚರ್ಮದಿಂದ ನೇರ ರಕ್ತಕ್ಕೆ ಸೇರುವುದರಿಂದ ಆ ತೊಂದರೆ ಕಾಣುವುದಿಲ್ಲ. ಹಾಗಾಗಿ ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ, ಬಿಪಿ, ಮೈಗ್ರೇನ್, ಪಿತ್ತಕೋಶದ ಕಲ್ಲು ಇರುವವರು ಜೆಲ್ ಆಗುತ್ತದೆಯೇ ಎಂದು ಕೇಳಿ. ನಮ್ಮ ಒಲವೂ ಜೆಲ್ ಕಡೆಗೇ. ಅಂಟಿಸುವ ಪ್ಯಾಚ್ ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಕರಾವಳಿಯ ಬೆವರಿಗೆ ಅಂಚು ಬಿಟ್ಟುಕೊಳ್ಳುತ್ತದೆ.

ಪ್ರೊಜೆಸ್ಟರಾನ್‌ನಲ್ಲಿ ಮೈಕ್ರೊನೈಸ್ಡ್ (ಬಹಳ ನುಣ್ಣಗೆ ಪುಡಿಮಾಡಿದ) ರೂಪ ಸ್ತನಕ್ಕೂ ರಕ್ತನಾಳಕ್ಕೂ ಹಳೆಯ ಕೃತಕ ರೂಪಗಳಿಗಿಂತ ಮೃದು. ಇದನ್ನು ಕೊಡುವ ರೀತಿ ಎರಡು. ಕೊನೆಯ ಮುಟ್ಟಾಗಿ ಇನ್ನೂ ವರ್ಷವಾಗದವರಿಗೆ ತಿಂಗಳಿಗೆ 12ರಿಂದ 14 ದಿನ, ರಾತ್ರಿ 200 ಮಿಲಿಗ್ರಾಂ. ಇದು ಮುಗಿದ ಮೇಲೆ ಮುಟ್ಟಿನಂತೆ ರಕ್ತ ಹೋಗುತ್ತದೆ, ಗಾಬರಿ ಬೇಡ. ವರ್ಷ ದಾಟಿದವರಿಗೆ ಪ್ರತಿ ರಾತ್ರಿ 100 ಮಿಲಿಗ್ರಾಂ, ಇದರಲ್ಲಿ ಮೊದಲ ಕೆಲವು ತಿಂಗಳ ಸಣ್ಣ ಕಲೆ ಬಿಟ್ಟರೆ ರಕ್ತಸ್ರಾವ ಆಗಬಾರದು. ಇನ್ನೂ ಮುಟ್ಟಾಗುತ್ತಿರುವವರಿಗೆ ಎರಡನೆಯ ರೀತಿಯನ್ನು ಅವಸರದಿಂದ ಕೊಟ್ಟರೆ ಕಂಡ ಕಂಡ ದಿನ ರಕ್ತ ಕಾಣಿಸಿಕೊಂಡು, ಬೇಡದ ಸ್ಕ್ಯಾನಿಂಗ್‌ಗಳಿಗೆ ದಾರಿಯಾಗುತ್ತದೆ. ಈ ಮಾತ್ರೆ ನಿದ್ದೆ ಬರಿಸುವುದರಿಂದ ಮಲಗುವ ಹೊತ್ತಿಗೇ ನುಂಗಿ, ನಿದ್ದೆಗೆಟ್ಟವರಿಗೆ ಅದೇ ಒಂದು ಉಪಕಾರ. ಕೆಲವು ಕ್ಯಾಪ್ಸೂಲ್‌ಗಳಲ್ಲಿ ಶೇಂಗಾ ಎಣ್ಣೆ ಇರುತ್ತದೆ, ಶೇಂಗಾ ಅಲರ್ಜಿ ಇರುವವರು ಮೊದಲೇ ಹೇಳಿ. ಇದರ ಬದಲು ಡೈಡ್ರೋಜೆಸ್ಟೆರಾನ್ ಕೊಡುವುದೂ ಉಂಟು. ಲೆವೊನೊರ್ಜೆಸ್ಟ್ರೆಲ್ ಎಂಬ ಕೃತಕ ಪ್ರೊಜೆಸ್ಟಿನ್ ಇರುವ ವಂಕಿಯನ್ನು ಗರ್ಭಕೋಶದಲ್ಲಿ ಹಾಕಿಸಿಕೊಂಡರೆ ದಿನದ ಪ್ರೊಜೆಸ್ಟರಾನ್ ಮಾತ್ರೆ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಶಿರಸಿಯ ಮಾರಿಕಾಂಬಾ ಜಾತ್ರೆ, ಮದುವೆ, ಉಪನಯನಗಳಿಗೆ ಮುಟ್ಟು ಮುಂದೂಡಲು ನುಂಗುವ ನೋರೆಥಿಸ್ಟೆರಾನ್ 5 ಮಿಲಿಗ್ರಾಂ ಮಾತ್ರೆ ಬಹಳ ಮನೆಗಳ ಡಬ್ಬಿಯಲ್ಲಿದೆ. ಅದೂ ‘ಹಾರ್ಮೋನ್ ಮಾತ್ರೆ’ಯೇ, ಆದರೆ ಮೈಬಿಸಿಗೆ ಕೊಡುವ ಈಸ್ಟ್ರೋಜೆನ್ ಅಲ್ಲ. ಉಳಿದ ಸ್ಟ್ರಿಪ್ಪನ್ನು ಇದಕ್ಕೆ ಬಳಸಬೇಡಿ, ದೊಡ್ಡ ಪ್ರಮಾಣದಲ್ಲಿ ಅದು ರಕ್ತ ಹೆಪ್ಪುಗಟ್ಟುವ ಅಪಾಯವನ್ನೂ ತರುತ್ತದೆ. ಅಕ್ಕನಿಗೆ ಹಿಡಿಸಿದ ಮಾತ್ರೆ ತಂಗಿಗೂ ಹಿಡಿಸುತ್ತದೆ ಎಂಬ ಲೆಕ್ಕವೂ ಬೇಡ. ಅಕ್ಕನಿಗೆ ಗರ್ಭಕೋಶ ಇಲ್ಲದೆ, ತಂಗಿಗೆ ಇದ್ದರೆ ಅದೇ ಮಾತ್ರೆ ತಂಗಿಗೆ ಕುತ್ತು.

ಜೆಲ್ ಹಚ್ಚುವ ಕ್ರಮ

ಇಲ್ಲಿ ಆಗುವ ಎಡವಟ್ಟುಗಳೇ ಹೆಚ್ಚು, ‘ಔಷಧ ಹಿಡಿಯಲಿಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಹಚ್ಚಿದ ರೀತಿಯೇ ಕಾರಣ.

ಮಿಂದು, ಮೈ ಪೂರ್ತಿ ಒರೆಸಿ, ಬಚ್ಚಲಿನಿಂದ ಹೊರಗೆ ಬಂದು ಫ್ಯಾನಿನ ಕೆಳಗೆ ಬೆವರಾರಿದ ಮೇಲೆ ಹಚ್ಚಿ. ಒದ್ದೆ ಚರ್ಮದ ಮೇಲೆ ಜೆಲ್ ಜಾರುತ್ತದೆ. ತೊಡೆಯ ಒಳಭಾಗ ಅಥವಾ ತೋಳಿನ ಹೊರಭಾಗ ಆಗಬಹುದು. ಸ್ತನಕ್ಕೆ, ಗುಪ್ತಾಂಗಕ್ಕೆ, ಗಾಯವಿದ್ದಲ್ಲಿ ಬೇಡ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವವರು ತೊಡೆಯನ್ನೇ ಆರಿಸಿಕೊಳ್ಳಿ. ಎಳೆಮಗುವಿನ ಮೈಗೆ ಈಸ್ಟ್ರೋಜೆನ್ ತಾಗುತ್ತಿದ್ದರೆ ಹೆಣ್ಣಾಗಲಿ ಗಂಡಾಗಲಿ ಎದೆ ಬೆಳೆಯತೊಡಗಬಹುದು. ಅಂಗೈಯಷ್ಟು ಜಾಗದಲ್ಲಲ್ಲ, ಅಗಲವಾಗಿ ತೆಳ್ಳಗೆ ಸವರಿ. ತಿಕ್ಕಿ ಮಾಲೀಸು ಮಾಡುವುದು ಬೇಡ. ಐದು ನಿಮಿಷ ಆರಲು ಬಿಟ್ಟು ಸೀರೆ ಉಡಿ, ಕೈಯನ್ನು ಸೋಪು ಹಾಕಿ ತೊಳೆಯಿರಿ. ಒಂದು ಗಂಟೆ ಆ ಜಾಗ ತೊಳೆಯಬೇಡಿ. ತೆಂಗಿನೆಣ್ಣೆ ಹಚ್ಚಿಕೊಳ್ಳುವ ದಿನ ಎಣ್ಣೆಸ್ನಾನ ಮುಗಿಸಿ, ಜಿಡ್ಡು ಹೋದ ಮೇಲೆಯೇ ಜೆಲ್. ಎಣ್ಣೆಯ ಮೇಲೆ ಹಚ್ಚಿದರೆ ಒಳಗೆ ಹೋಗುವ ಪ್ರಮಾಣ ಏರುಪೇರಾಗುತ್ತದೆ.

ಜೆಲ್‌ನಲ್ಲಿ ಸ್ಪಿರಿಟ್ ಇರುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಹಂಡೆಯ ಒಲೆ ಉರಿಯುವ ಬಚ್ಚಲಿನಲ್ಲಿ, ಅಡುಗೆ ಒಲೆಯ ಹತ್ತಿರ, ದೇವರ ದೀಪದ ಮುಂದೆ ಹಚ್ಚಲೇಬಾರದು. ಆರಿದ ಮೇಲೆ ಭಯವಿಲ್ಲ. ಟ್ಯೂಬನ್ನು ಬಚ್ಚಲಲ್ಲಿ ಇಡಬೇಡಿ, ಮನೆಯ ತಂಪಾದ ಕೋಣೆಯ ಕಪಾಟಿನಲ್ಲಿಡಿ.

ಮೊದಲ ಮೂರು ತಿಂಗಳು

ಎರಡರಿಂದ ನಾಲ್ಕು ವಾರಕ್ಕೆ ಗೀಟುಗಳು ಕಡಿಮೆಯಾಗಲು ಶುರು, ಪೂರ್ತಿ ಫಲಕ್ಕೆ ಮೂರು ತಿಂಗಳು. ಹತ್ತೇ ದಿನಕ್ಕೆ ‘ಪ್ರಯೋಜನ ಇಲ್ಲ’ ಎಂದು ಬಿಡಬೇಡಿ. ಮೊದಲ ವಾರಗಳಲ್ಲಿ ಸ್ತನ ಬಿಗಿತ, ಹೊಟ್ಟೆ ತೊಳಸು, ಹೊಟ್ಟೆ ಉಬ್ಬರ ಇರಬಹುದು, ಈಸ್ಟ್ರೋಜೆನ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡರೆ ತೊಳಸು ತಗ್ಗುತ್ತದೆ. ಮೂರು ತಿಂಗಳಿಗೆ ವೈದ್ಯರನ್ನು ಮತ್ತೆ ಕಂಡು ಪ್ರಮಾಣ ಸರಿಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ.

ಒಂದು ಹೊತ್ತಿನದು ಮರೆತರೆ 12 ಗಂಟೆಯೊಳಗೆ ತೆಗೆದುಕೊಳ್ಳಿ, ದಾಟಿದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ. ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಗುಡ್ಡ ಜರಿದು ಬಂದಾದರೆ ಪೇಟೆಗೆ ಮಾಲು ಬರುವುದು ತಡವಾಗುತ್ತದೆ. ಜೂನ್ ಹೊತ್ತಿಗೆ ಒಂದು ತಿಂಗಳಿನ ಔಷಧ ಹೆಚ್ಚಿಗೆ ತಂದಿಟ್ಟುಕೊಳ್ಳಿ, ಪ್ರೊಜೆಸ್ಟರಾನ್ ಮುಗಿದು ಈಸ್ಟ್ರೋಜೆನ್ ಮಾತ್ರ ಉಳಿದಿರುವ ಸ್ಥಿತಿ ಬರದಿರಲಿ.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಈಸ್ಟ್ರೋಜೆನ್ ಮಾತ್ರೆ ಶುರುಮಾಡಿದರೆ 6ರಿಂದ 12 ವಾರದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಮತ್ತೆ ನೋಡಿಸಿ, ಥೈರಾಕ್ಸಿನ್ ಹೆಚ್ಚಿಸಬೇಕಾಗಬಹುದು. ಫಿಟ್ಸ್ ಮಾತ್ರೆ, ಟಿಬಿಯ ರಿಫಾಂಪಿಸಿನ್ ಇದ್ದರೂ ಹೇಳಿ. ಈ ಚಿಕಿತ್ಸೆ ಗರ್ಭ ತಡೆಯುವುದಿಲ್ಲ: 50ರೊಳಗಿನವರಿಗೆ ಕೊನೆಯ ಮುಟ್ಟಿನ ನಂತರ ಎರಡು ವರ್ಷ, 50 ದಾಟಿದವರಿಗೆ ಒಂದು ವರ್ಷ ಬೇರೆ ಉಪಾಯ ಬೇಕು.

ಮೊದಲ ಮೂರರಿಂದ ಆರು ತಿಂಗಳು ಸ್ವಲ್ಪ ರಕ್ತದ ಕಲೆ ಕಾಣಿಸಿಕೊಂಡರೆ ವೈದ್ಯರಿಗೆ ತಿಳಿಸಿ ಕಾಯಬಹುದು. ಆರು ತಿಂಗಳ ನಂತರವೂ ಬಂದರೆ, ಅಥವಾ ಹೆಚ್ಚು ಹೋದರೆ, ಒಳಪದರದ ಸ್ಕ್ಯಾನಿಂಗ್ ಆಗಲೇಬೇಕು. ಔಷಧ ತೆಗೆದುಕೊಳ್ಳದವರಿಗೂ ಇದನ್ನೇ ಹೇಳುತ್ತೇವೆ: ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ‘ಮತ್ತೆ ಮುಟ್ಟಾಯ್ತು’ ಎಂದು ಸುಮ್ಮನಿರಬೇಡಿ.

ಒಂದೇ ಕಾಲಿನ ಮೀನಖಂಡ ಊದಿ ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಒಂದು ಪಕ್ಕ ಬಲ ಹೋಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಔಷಧ ನಿಲ್ಲಿಸಿ 108ಕ್ಕೆ ಕರೆ ಮಾಡಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ನೀರು ಕುಡಿಯುತ್ತಾ, ಪಾದ ಆಡಿಸುತ್ತಾ, ಬಸ್ಸು ನಿಂತಲ್ಲಿ ಇಳಿದು ನಡೆಯುತ್ತಾ ಹೋಗಿ. ದೊಡ್ಡ ಶಸ್ತ್ರಚಿಕಿತ್ಸೆ ಇದ್ದರೆ ಹಾರ್ಮೋನ್ ತೆಗೆದುಕೊಳ್ಳುತ್ತಿರುವುದನ್ನು ಮೊದಲೇ ಹೇಳಿ.

ಉರಿ, ಒಣಗುವಿಕೆ, ಮೂತ್ರದ ತೊಂದರೆ ಮಾತ್ರ ಇದ್ದರೆ

ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವ ಹೆಂಗಸಿಗೂ, ದಿನವಿಡೀ ಕೂತು ಅಡಿಕೆ ಸುಲಿಯುವವಳಿಗೂ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ದೊಡ್ಡ ಕಷ್ಟ, ಅದನ್ನು ಅವರು ಯಾರ ಮುಂದೆಯೂ ಹೇಳುವುದಿಲ್ಲ. ಮೈಬಿಸಿ ಇಲ್ಲದೆ ಇಷ್ಟೇ ಇದ್ದರೆ ಇಡೀ ದೇಹಕ್ಕೆ ಹಾರ್ಮೋನ್ ಬೇಕಿಲ್ಲ. ಯೋನಿಯೊಳಗೆ ಹಾಕುವ ಎಸ್ಟ್ರಿಯಾಲ್ ಕ್ರೀಮ್ ಸಾಕು: 0.1 ಶೇಕಡಾ ಕ್ರೀಮ್ ಅರ್ಧ ಗ್ರಾಂ, ಜೊತೆಗೆ ಬರುವ ನಳಿಗೆಯಲ್ಲಿ ಅಳತೆ ಮಾಡಿ, ರಾತ್ರಿ ಮಲಗುವ ಮುಂಚೆ ಎರಡು-ಮೂರು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಪ್ರೊಜೆಸ್ಟರಾನ್ ಜೊತೆಗೆ ಬೇಡ. ನಳಿಗೆಯನ್ನು ಪ್ರತಿ ಸಲ ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ. ಸ್ತನ ಕ್ಯಾನ್ಸರ್ ಆದವರು ಇದಕ್ಕೂ ತಮ್ಮ ಕ್ಯಾನ್ಸರ್ ವೈದ್ಯರ ಒಪ್ಪಿಗೆ ಪಡೆಯಬೇಕು.

ಹಾರ್ಮೋನ್ ಒಗ್ಗದವರಿಗೆ ಮೈಬಿಸಿ ತಗ್ಗಿಸಲು ವೆನ್ಲಫಾಕ್ಸಿನ್, ರಾತ್ರಿ ಗ್ಯಾಬಪೆಂಟಿನ್ ಇವೆ. ಸ್ತನ ಕ್ಯಾನ್ಸರ್‌ಗೆ ಟಾಮೊಕ್ಸಿಫೆನ್ ತೆಗೆದುಕೊಳ್ಳುವವರಿಗೆ, ಮೈಬಿಸಿಗೆ ಕೊಡುವ ಇನ್ನೊಂದು ಮಾತ್ರೆ ಪ್ಯಾರಾಕ್ಸೆಟಿನ್ ಮಾತ್ರ ಬೇಡ, ಅದು ಟಾಮೊಕ್ಸಿಫೆನ್‌ನ ಕೆಲಸ ಕೆಡಿಸುತ್ತದೆ.

ಎಷ್ಟು ವರ್ಷ, ಹೇಗೆ ಬಿಡುವುದು

ಇಂತಿಷ್ಟೇ ವರ್ಷ ಎಂಬ ಗಡುವಿಲ್ಲ. ಪ್ರತಿ ವರ್ಷ ಬಿಪಿ, ಸ್ತನ ತಪಾಸಣೆ ಮಾಡಿಸಿ, ಇನ್ನೂ ಬೇಕೇ ಎಂದು ವೈದ್ಯರೊಡನೆ ಕೂತು ಯೋಚಿಸಬೇಕು. ನಿಲ್ಲಿಸುವಾಗ ಮೂರರಿಂದ ಆರು ತಿಂಗಳಲ್ಲಿ ಇಳಿಸುತ್ತಾ ಬನ್ನಿ: 2.5 ಗ್ರಾಂ ಜೆಲ್ ಹಚ್ಚುತ್ತಿದ್ದವರು 1.25ಕ್ಕೆ, ಆಮೇಲೆ ದಿನ ಬಿಟ್ಟು ದಿನ. ಈಸ್ಟ್ರೋಜೆನ್ ಇಳಿಸುವಾಗಲೂ ಅದು ಪೂರ್ತಿ ನಿಲ್ಲುವವರೆಗೆ ಪ್ರೊಜೆಸ್ಟರಾನ್ ಜೊತೆಗಿರಲಿ. ಕರಾವಳಿಯವರು ಇದನ್ನು ಬೇಸಿಗೆಯಲ್ಲಿ ಶುರುಮಾಡಬೇಡಿ, ಸೆಕೆಯೂ ಮೈಬಿಸಿಯೂ ಒಟ್ಟಿಗೆ ಬಂದು ಯಾವುದು ಯಾವುದೆಂದು ತಿಳಿಯದಂತಾಗುತ್ತದೆ. ನವೆಂಬರಿನಲ್ಲಿ ಇಳಿಸಲು ಹಿಡಿದು, ಕ್ಯಾಲೆಂಡರಿನಲ್ಲಿ ಮತ್ತೆ ಗೀಟು ಎಳೆಯುತ್ತಾ ಬನ್ನಿ. ಗೀಟು ದಿನಕ್ಕೆ ಒಂದೆರಡಕ್ಕಿಂತ ಹೆಚ್ಚಿದರೆ ಹಿಂದಿನ ಪ್ರಮಾಣಕ್ಕೆ ಮರಳಿ, ಮತ್ತೆ ಆರು ತಿಂಗಳು ಬಿಟ್ಟು ನೋಡಬಹುದು.